ವಿಯೆಟ್ನಾಂ ಗೆಳತಿಗೆ ಜರ್ಮನಿ ವೀಸಾ: ಎರಡನೇ ಸಲ ಪಾಸಾದ ಕಡತ

ಕರೆಸಿಕೊಳ್ಳುವವನು ನಾನು, ಜರ್ಮನಿಯಲ್ಲಿ ಬ್ಲೂ ಕಾರ್ಡಿನ (ನುರಿತ ಕೆಲಸಗಾರರ ವಾಸದ ಪರವಾನಗಿ) ಮೇಲಿರುವ ಭಾರತೀಯ, ಬರುವವಳು ಹನೋಯ್‌ನ ಮದುವೆಯಾಗದ ಹುಡುಗಿ. ಇದು ಆಗುವ ಮಾತಲ್ಲ, ವೀಸಾ ಶುಲ್ಕದ 90 ಯೂರೊ ಸುಮ್ಮನೆ ದಂಡ ಅಂತ ಇಲ್ಲಿನ ನಮ್ಮವರೇ ಹೇಳಿದ್ದರು. ಮೊದಲ ಅರ್ಜಿ ಬಿದ್ದುಹೋದಾಗ ಅವರ ಮಾತೇ ಗೆದ್ದಿತ್ತು. ಎರಡನೆಯದು 12 ದಿನಕ್ಕೋ 13ಕ್ಕೋ ಪಾಸಾಯಿತು. ಶೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಫಾರ್ಮು, ಸ್ಲಾಟು, ಫೋಟೊ ಅಳತೆ ನಿಮಗೆ ಗೊತ್ತಿರುವುದೇ. ಎಲ್ಲಿ ಎಡವಿದೆವು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ಸಲ 80 ದಿನ ಕೇಳಿದ್ದೆವು. 180ರಲ್ಲಿ 90 ದಿನ ಇರಬಹುದಲ್ಲ, ಇದೂ ಇರಲಿ ಅನ್ನುವ ದುರಾಸೆ. ವಿಯೆಟ್ನಾಂ ಕಾರ್ಮಿಕ ಕಾನೂನಿನಲ್ಲಿ ಸಾಮಾನ್ಯ ನೌಕರರಿಗೆ ವರ್ಷಕ್ಕೆ ಸಂಬಳದ ರಜೆ 12 ದಿನ. ಆಫೀಸು ಕೆಲಸದವಳು 80 ದಿನ ಕೇಳಿದರೆ ಕೆಲಸ ಬಿಟ್ಟು ಬರುತ್ತಿದ್ದಾಳೆ ಅಂತ ತಾನೇ ಅರ್ಥ? ತಿರಸ್ಕಾರದ ಹಾಳೆಯಲ್ಲಿ ವಾಪಸ್ ಹೋಗುವ ಉದ್ದೇಶದ ಬಗ್ಗೆ ಸಂಶಯವಿದೆ ಅನ್ನುವ ಚೌಕಕ್ಕೇ ಗುರುತು ಬಿದ್ದಿತ್ತು. ಎರಡನೇ ಸಲ ಏಪ್ರಿಲ್ 30, ಮೇ 1ರ ಸರ್ಕಾರಿ ರಜೆಗೆ ಹೊಂದಿಸಿ 15 ದಿನ ಕೇಳಿದೆವು. ಖರ್ಚಾದ ರಜೆ ಎಂಟೋ ಒಂಬತ್ತೋ. ಕಂಪನಿಯ ರಜೆ ಪತ್ರದಲ್ಲಿ ಕೆಲಸಕ್ಕೆ ಮರಳುವ ತಾರೀಖು, ಸಹಿ, ಕೆಂಪು ಮೊಹರು ಮೂರೂ ಇದ್ದವು. ಅಲ್ಲಿ ಕೆಂಪು ಮೊಹರಿಲ್ಲದ ಪತ್ರ ರದ್ದಿಗೆ ಸಮ.

ಪ್ರೀತಿ ನಿಜವೋ ಸುಳ್ಳೋ ಅಂತ ವೀಸಾ ಅಧಿಕಾರಿಗಳು ತೂಗುವುದಿಲ್ಲ. ಮೊದಲ ಸಲ ಜಾಲೋ (ವಿಯೆಟ್ನಾಂನ ವಾಟ್ಸಾಪಿನಂಥ ಆ್ಯಪ್) ಚಾಟಿನ ನೂರಕ್ಕೂ ಹೆಚ್ಚು ಪುಟ ತುರುಕಿದ್ದೆ. ಪ್ರೀತಿ ಗಟ್ಟಿ ಅಂತ ತೋರಿಸಿದಷ್ಟೂ ಇವಳು ಇಲ್ಲೇ ಉಳಿದುಬಿಡುತ್ತಾಳೆ ಅನ್ನುವ ಅನುಮಾನವೂ ಗಟ್ಟಿ. ಎರಡನೇ ಸಲ ಆರೇ ಪುಟ: ಮೂರು ಭೇಟಿ, ಒಂದೊಂದಕ್ಕೆ ನನ್ನ ಪಾಸ್‌ಪೋರ್ಟಿನ ವಿಯೆಟ್ನಾಂ ಮುದ್ರೆ, ಒಂದು ಫೋಟೊ. ಈಗ 90 ದಿನದ ವಿಯೆಟ್ನಾಂ ಇ-ವೀಸಾ 25 ಡಾಲರಿಗೆ ಸಿಗುವುದರಿಂದ ಈ ಪುರಾವೆ ಅಗ್ಗ. ವಿಮಾನದ ಟಿಕೆಟ್ಟಿನದೇ ಸುಲಿಗೆ.

ದುಡ್ಡಿನ ವಿಷಯ. ಮೊದಲ ಅರ್ಜಿಗೆ ಒಂದು ವಾರ ಮುಂಚೆ ಕೈಸಾಲ ತಂದು ಅವಳ ಉಳಿತಾಯ ಖಾತೆಗೆ 10 ಕೋಟಿ ಡಾಂಗ್ ಹಾಕಿದ್ದೆವು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಮೂರು ಸಾವಿರ ಚಿಲ್ಲರೆ ಯೂರೊ ಅಷ್ಟೆ. ಠೇವಣಿಯ ತಾರೀಖೇ ನಮ್ಮ ಬಣ್ಣ ಬಯಲು ಮಾಡಿತು ಅಂತ ನನ್ನ ಲೆಕ್ಕ. ಎರಡನೇ ಸಲ ಎಂಟು ತಿಂಗಳಿನಿಂದ ಹಾಗೇ ಇದ್ದ 4 ಕೋಟಿಯ ಠೇವಣಿ, ಸಂಬಳ ಬೀಳುವ ಖಾತೆಯ ವಿವರ, ಸಾಮಾಜಿಕ ವಿಮೆ ಕಟ್ಟಿದ ಪಟ್ಟಿ ಕೊಟ್ಟೆವು. ಆ ಪಟ್ಟಿ ವಿಯೆಟ್ನಾಂ ಸಾಮಾಜಿಕ ವಿಮೆಯ ವಿಎಸ್‌ಎಸ್‌ಐಡಿ ಆ್ಯಪಿನಲ್ಲಿ ಸಿಗುತ್ತದೆ; ತಿಂಗಳು ತಿಂಗಳು ಕಂಪನಿ ಕಟ್ಟಿದ್ದು ಕಾಣುವುದರಿಂದ ಉದ್ಯೋಗ ಪತ್ರಕ್ಕಿಂತ ಅದಕ್ಕೇ ತೂಕ. ಹಳೆಯ ಕುಟುಂಬ ನೋಂದಣಿ ಪುಸ್ತಕ 2022ರ ಕೊನೆಗೆ ರದ್ದಾಗಿದೆ. ಅದರ ಬದಲು ಪೊಲೀಸರಿಂದ ಸಿಟಿ07 ವಾಸದ ಪತ್ರ ತೆಗೆಸಿ. ಎಲ್ಲ ಮಾಡಿಸಿಕೊಡುತ್ತೇವೆ ಅನ್ನುವ ಏಜೆಂಟರು ಗಲ್ಲಿಗೊಬ್ಬರು. 60 ಲಕ್ಷ ಡಾಂಗ್ ಕೊಟ್ಟು ನಮಗೆ ದಕ್ಕಿದ್ದು ತಪ್ಪು ತುಂಬಿದ ಫಾರ್ಮು. ಅನುವಾದಕ್ಕೆ ಮಾತ್ರ ದುಡ್ಡು ಬಿಚ್ಚಿ, ಪುಟಕ್ಕೆ ಲಕ್ಷ ಡಾಂಗಿನ ಆಸುಪಾಸು.

ನನ್ನ ಕಡೆಯಿಂದ ಬೇಕಾದದ್ದು ಫರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್, ನಾವು ಕರೆಯುವಂತೆ ‘ವಿಇ’: ಅವಳ ಖರ್ಚೆಲ್ಲ ನನ್ನದು ಅಂತ ಇಲ್ಲಿನ ಸರ್ಕಾರಿ ಕಚೇರಿಯಲ್ಲಿ ಬರೆದುಕೊಡುವ ಮುಚ್ಚಳಿಕೆ. ಶುಲ್ಕ 29 ಯೂರೊ, ಮೂರು ತಿಂಗಳ ಸಂಬಳದ ಚೀಟಿ, ಬಾಡಿಗೆ ಕರಾರು. ನಮ್ಮ ಊರಿನ ಕಚೇರಿ ಕೈಗೆ ಬರುವ ಸಂಬಳವನ್ನು ಜಪ್ತಿ ಮಾಡಲಾಗದ ಮಿತಿಯ (ಸಾಲಗಾರರು ಮುಟ್ಟುವಂತಿಲ್ಲದ ಸಂಬಳದ ಪಾಲು) ಜೊತೆ ಹೋಲಿಸಿತು. ಆ ಮಿತಿ ಆಗ ಒಂಟಿ ಮನುಷ್ಯನಿಗೆ 1,550 ಯೂರೊ ಚಿಲ್ಲರೆ. ಹಾಳೆ ಕೈಗೆ ಬಂದ ಕೂಡಲೇ ಎರಡು ಕಡೆ ಕಣ್ಣಾಡಿಸಿ. ಆರ್ಥಿಕ ಸಾಮರ್ಥ್ಯ ‘ಸಾಬೀತಾಗಿದೆ’ ಅಂತ ಇರಬೇಕು, ‘ನಂಬುವಂತಿದೆ’ ಅಂತಿದ್ದರೆ ಪ್ರಯೋಜನ ಕಮ್ಮಿ. ಹೆಸರು ಪಾಸ್‌ಪೋರ್ಟಿನಂತೆ ಅಕ್ಷರಶಃ ಇರಬೇಕು. ನನ್ನ ಹಾಳೆಯಲ್ಲಿ ಅವಳ ಹೆಸರಿನ ನಡುವಿನ ‘ಥಿ’ ಬಿಟ್ಟುಹೋಗಿತ್ತು, ನಾನು ತುಂಬಿಕೊಟ್ಟಿದ್ದೇ ಹಾಗೆ. ಮತ್ತೆ ಸ್ಲಾಟು, ಮತ್ತೆ 29. ಸ್ಕ್ಯಾನ್ ನಡೆಯುವುದಿಲ್ಲ, ಮೂಲ ಪ್ರತಿಯೇ ಹನೋಯ್‌ಗೆ ಹೋಗಬೇಕು. ಕೊರಿಯರಿಗೆ 60 ಯೂರೊ ಹತ್ತಿರ ಬಿತ್ತು. ಆರು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಹಾಳೆ ವ್ಯರ್ಥ.

ಪಾಸ್‌ಪೋರ್ಟಿನದೇ ಒಂದು ಬಲೆಯಿದೆ. 2022ರ ಜುಲೈನಿಂದ ಡಿಸೆಂಬರ್‌ವರೆಗೆ ಕೊಟ್ಟ ಹೊಸ ವಿಯೆಟ್ನಾಂ ಪಾಸ್‌ಪೋರ್ಟುಗಳಲ್ಲಿ ಹುಟ್ಟಿದ ಊರು ಇರಲಿಲ್ಲ, ಜರ್ಮನಿ ಒಪ್ಪಲಿಲ್ಲ. ಅಂಥದ್ದಿದ್ದರೆ ಊರಿನ ಟಿಪ್ಪಣಿ ಹಾಕಿಸಿ, ಇಲ್ಲವೇ ಬದಲಾಯಿಸಿ.

ಮಧ್ಯೆ ಒಂದು ಅಡ್ಡ ಪ್ರಯೋಗ. ಬಿದ್ದ ಮೇಲೆ ಅವಳಿಗೆ ಭಾರತದ ಇ-ವೀಸಾ ತೆಗೆದು ಮೈಸೂರಿಗೆ ಕರೆಸಿದೆ. ಮೂರೇ ದಿನಕ್ಕೆ ಬಂತು. ವೆಬ್‌ಸೈಟು ಮಾತ್ರ ಚೌಕದ ಫೋಟೊವನ್ನು ನಾಲ್ಕು ಸಲ ಉಗುಳಿತು. ಹೇಳಿದ ದಿನಕ್ಕೆ ವಾಪಸ್ ಹೋದಳು ಅನ್ನುವ ಮುದ್ರೆ ಕಡತಕ್ಕೆ ಸಿಕ್ಕಿತು. ಅದರಿಂದಲೇ ಪಾಸಾಯಿತು ಅನ್ನಲಾರೆ, ಲುಕ್ಸಾನಂತೂ ಆಗಲಿಲ್ಲ. ಇನ್ನೊಂದು ಶೆಂಗೆನ್ ದೇಶದ ಮೂಲಕ ನುಗ್ಗುವ ಸಲಹೆಯೂ ಬಂತು. ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ಸುಳ್ಳು ಬರೆದು ಸಿಕ್ಕಿಬಿದ್ದರೆ ಮುಂದಿನದಕ್ಕೂ ಕಲ್ಲು.

2025ರ ಜುಲೈ 1ರಿಂದ ಜರ್ಮನಿ ತಿರಸ್ಕೃತ ವೀಸಾ ಅರ್ಜಿಗಳ ಪುಕ್ಕಟೆ ಮರುಪರಿಶೀಲನೆ ನಿಲ್ಲಿಸಿದೆ. ಈಗ ಹೊಸ ಅರ್ಜಿ ಅಥವಾ ಬರ್ಲಿನ್ ನ್ಯಾಯಾಲಯ. ಹೊಸ ಅರ್ಜಿಯ ಜೊತೆ ನಾನು ಒಂದು ಪುಟದ ಪತ್ರ ಇಟ್ಟೆ. ಹಿಂದಿನ ತಿರಸ್ಕಾರವನ್ನು ಮೊದಲ ಸಾಲಲ್ಲೇ ಒಪ್ಪಿಕೊಂಡು, ಏನು ಬದಲಾಗಿದೆ ಅಂತ ಹೇಳಿದ್ದೆ. ಅದರ ಕೊನೆಯ ಪ್ಯಾರಾ ಇಲ್ಲಿ ಹಾಕುವುದಿಲ್ಲ; ಹತ್ತು ಜನ ನಕಲು ಹೊಡೆದರೆ ನನ್ನ ಮುಂದಿನ ಅರ್ಜಿಯೇ ನಕಲಿ ಕಂಡೀತು. ಟಿಕೆಟ್ ಬರೀ ರಿಸರ್ವೇಶನ್. ವಿಮೆ 30,000 ಯೂರೊ ರಕ್ಷಣೆಯದು, ವೀಸಾ ಸಿಗದಿದ್ದರೆ ಹಣ ವಾಪಸ್ ಬರುವಂಥದ್ದು.

ಎರಡೂ ಸಲ ಸೇರಿ, ವಿಮಾನ ಬಿಟ್ಟು, 700 ಯೂರೊ ಕೈಬಿಟ್ಟಿತು. ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ವಿಇ ಮೂಲ ಪ್ರತಿ ಮತ್ತು ವಿಮೆ ಕೇಳಿದರು. ಎರಡನ್ನೂ ಕೈಚೀಲದಲ್ಲೇ ಇಡಿಸಿ, ಚೆಕ್ ಇನ್ ಸೂಟ್‌ಕೇಸಿಗೆ ಹಾಕಿಸಬೇಡಿ.