ಆಟಿಯ ಮಳೆಯಲ್ಲಿ ಕಾರು ನೋಡಲು ಹೋಗಿ

ನಾನು ಈವರೆಗೆ ಮೂರು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೇನೆ. ಮೊದಲ ಎರಡನ್ನು ಒಳ್ಳೆ ದಿನ, ಒಳ್ಳೆ ಗಳಿಗೆ ನೋಡಿಯೇ ಮನೆಗೆ ತಂದೆ. ಎರಡೂ ನನ್ನನ್ನು ಅಳಿಸಿದವು. ಮೂರನೆಯದನ್ನು ಆಟಿ ತಿಂಗಳಲ್ಲಿ ತಂದೆ. ಅದು ಈಗಲೂ ಅಂಗಳದಲ್ಲಿದೆ.

ಆಟಿಯಲ್ಲಿ ನಮ್ಮ ಕಾಸರಗೋಡಿನ ಕಡೆ ಯಾರೂ ವಾಹನ ಕೊಳ್ಳುವುದಿಲ್ಲ. ತುಳುವರು ಆಟಿ ಅನ್ನುತ್ತಾರೆ, ಮಲಯಾಳದವರು ಕರ್ಕಿಡಕಂ ಅನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಹೊಸ ಕೆಲಸ ಯಾವುದೂ ಬೇಡ ಅಂತ ಲೆಕ್ಕ. ಅದಕ್ಕೇ ಮಾರುವವನ ಫೋನ್ ಹೊಡೆದುಕೊಳ್ಳುವುದೇ ಇಲ್ಲ. ಓಣಂ ಹತ್ತಿರ ಬಂತೋ, ಅದೇ ಕಾರಿನ ರೇಟು ಏರುತ್ತದೆ. ಆದರೆ ನನಗೆ ರೇಟಿಗಿಂತ ದೊಡ್ಡ ಲಾಭ ಮಳೆಯದು. ಬೇಸಿಗೆಯಲ್ಲಿ ತೊಳೆದು ಒರೆಸಿ ನಿಲ್ಲಿಸಿದ ಕಾರು ಮದುಮಗನ ಹಾಗೆ ಕಾಣುತ್ತದೆ. ಆಟಿಯ ಮಳೆಯಲ್ಲಿ ಅದು ಏನನ್ನೂ ಮುಚ್ಚಿಡಲಾರದು. ಬಾಗಿಲಿನ ರಬ್ಬರ್ ಹೋಗಿದ್ದರೆ ಕಾಲಡಿಯಲ್ಲಿ ನೀರು. ಎ.ಸಿ. ಸರಿ ಇಲ್ಲದಿದ್ದರೆ ಎದುರಿನ ಗಾಜಿಗೆ ಮಂಜು ಹಿಡಿದು ದಾರಿಯೇ ಕಾಣುವುದಿಲ್ಲ. ಸಸ್ಪೆನ್ಶನ್ ಪರೀಕ್ಷೆಗೆ ಹೊಂಡ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅಲ್ವಾ?

ಮೊದಲ ಕಾರಿನ ಕತೆ ಸಣ್ಣದು. ಪುತ್ತೂರಿನ ಕೆಎ-21 ನಂಬರಿನದು. ಇಲ್ಲಿನ ರೇಟಿಗಿಂತ ಮೂವತ್ತು ಸಾವಿರ ಕಡಿಮೆ ಅಂತ ಹಿಗ್ಗಿ ತಂದೆ. ಆ ಹಿಗ್ಗು ಸಾರಡ್ಕದ ಗಡಿ ದಾಟುವವರೆಗೆ ಮಾತ್ರ. ಬೇರೆ ರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ ಬೇಕು, ಅದು ಫಾರಂ 28. ಆಮೇಲೆ ಕೇರಳದ ತೆರಿಗೆ. ಕರ್ನಾಟಕದಲ್ಲಿ ಮೊದಲೇ ಕಟ್ಟಿದ ತೆರಿಗೆಯ ಬಾಕಿ ಭಾಗವನ್ನು ವಾಪಸು ಕೇಳಲು ಮತ್ತೆ ಅಲೆದಾಟ. ಉಳಿದ ಮೂವತ್ತು ಸಾವಿರ ಅಲ್ಲಿಗೆ ನೀರಿಗೆ ಹೋಯಿತು. ಗಡಿಯಲ್ಲಿರುವ ನಮಗೆ ವಿಟ್ಲ, ಪುತ್ತೂರು, ಮಂಗಳೂರಿನ ಕಾರುಗಳ ಆಸೆ ಸಹಜ. ಈ ಲೆಕ್ಕವನ್ನೂ ಸೇರಿಸಿಯೇ ರೇಟು ನೋಡಬೇಕು.

ಎರಡನೆಯದು ನಮ್ಮ ಕಾಸರಗೋಡಿನ ಕೆಎಲ್-14 ನಂಬರಿನದೇ, ಕಡಲ ಬದಿಯ ಮನೆಯದು. ಮೇಲಿಂದ ಫಳಫಳ. ಒಂದು ಮಳೆಗಾಲ ಕಳೆದ ಮೇಲೆ ಬಾಗಿಲಿನ ಕೆಳ ಅಂಚು ಹಪ್ಪಳದ ಹಾಗೆ ಎದ್ದು ಬಂತು. ಬೆರಳಿನಿಂದ ಒತ್ತಿದರೆ ಒಳಗೆ ಬರೀ ಪುಟ್ಟಿ. ಉಪ್ಪುಗಾಳಿ ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದಿದ್ದರು. ಅವತ್ತಿನಿಂದ ಫ್ರಿಜ್ಜಿಗೆ ಅಂಟಿಸುವ ಒಂದು ಅಯಸ್ಕಾಂತ ನನ್ನ ಕಿಸೆಯಲ್ಲಿರುತ್ತದೆ. ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗೆ, ಚಕ್ರದ ಮೇಲಿನ ಕಮಾನಿಗೆ ಇಡುತ್ತೇನೆ. ತಗಡಿದ್ದರೆ ಹಿಡಿಯುತ್ತದೆ, ಪುಟ್ಟಿಯಿದ್ದರೆ ಜಾರುತ್ತದೆ.

ಎರಡು ಸಲ ಸುಟ್ಟುಕೊಂಡ ಮೇಲೆ ಸ್ವಲ್ಪ ಯೋಚನೆ ಮಾಡಿದೆ. ನಾನು ದಿನಾ ಓಡಿಸುವುದು ಬದಿಯಡ್ಕ, ಪೆರ್ಲ, ಅಡ್ಯನಡ್ಕದ ದಾರಿ. ತಿರುವು, ಚಡವು, ಎದುರಿನಿಂದ ಬಸ್ಸು. ಐವತ್ತರ ಮೇಲೆ ಮುಳ್ಳು ಏರುವುದೇ ಅಪರೂಪ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾಗಿರುವುದು ನಿಜ. ಆದರೆ ನಾನು ಅಲ್ಲಿಗೆ ಹೋಗುವುದು ತಿಂಗಳಿಗೊಮ್ಮೆ. ನೂರು ಕುದುರೆ ಶಕ್ತಿಯ ಕಾರು ಕೊಂಡು ನಾನೇನು ಮಾಡಲಿ? ನಲವತ್ತರ ವೇಗದಲ್ಲೂ ಖುಷಿ ಕೊಡುವ ಕಾರು ಬೇಕು. ಆ ಖುಷಿ ಇರುವುದು ಸ್ಟೇರಿಂಗ್, ಗೇರು, ಬ್ರೇಕಿನಲ್ಲಿ. ಟಚ್‌ಸ್ಕ್ರೀನಿನಲ್ಲಿ ಅಲ್ಲ.

ಹಾಗೆ ನೋಡಿದಾಗ ಪಟ್ಟಿ ತಾನಾಗಿ ಸಣ್ಣದಾಯಿತು. 2005ರಿಂದ 2010ರ ತನಕ ಬಂದ 1.3 ಪೆಟ್ರೋಲ್ ಸ್ವಿಫ್ಟ್, ಅದೇ 1298 ಸಿಸಿಯದು. ಮಾರುತಿ ರಿಟ್ಜ್. ಫಿಯೆಟ್ ಪುಂಟೊ. 2010ರಲ್ಲಿ ಬಂದ ಫೋರ್ಡ್ ಫಿಗೊ. ಸ್ವಿಫ್ಟ್ ಅಂದರೆ ಎಲ್ಲರೂ ಮುಗಿಬೀಳುತ್ತಾರೆ, ರೇಟು ಇಳಿಯುವುದಿಲ್ಲ. ಫಿಗೊ ಹಾಗಲ್ಲ. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಅದರ ಹೆಸರು ಎತ್ತಿದರೇ ಜನ ಹೆದರತೊಡಗಿದರು. ಸರ್ವಿಸ್, ಬಿಡಿಭಾಗ ಸಿಗುತ್ತದೆ ಎಂದು ಕಂಪನಿ ಹೇಳಿದರೂ ಭಯ ಹೋಗಲಿಲ್ಲ. ಊರೇ ಬೇಡ ಅನ್ನುವ ಕಾರು, ಓಡಿಸಲು ಚೆಂದ. ಬಡ ಮಾಷ್ಟ್ರಿಗೆ ಇನ್ನೇನು ಬೇಕು?

2022ರ ಆಟಿಯಲ್ಲಿ ಸೀತಾಂಗೋಳಿ ಹತ್ತಿರ ಒಂದು ಸಿಕ್ಕಿತು. 2011ರ ಪೆಟ್ರೋಲ್ ಫಿಗೊ, 1.2 ಎಂಜಿನ್, ಓಡಿದ್ದು 38,000 ಕಿಲೋಮೀಟರು. ಮಾರುವವರು ಒಬ್ಬರು ಹಾಜಿಯವರು. ಮಗ ಗಲ್ಫಿನಲ್ಲಿ, ಕಾರು ಹಾಜಿಯವರ ಹೆಸರಿನಲ್ಲಿ. ಅವರಿಗೆ ಡ್ರೈವಿಂಗ್ ಬಾರದು. ಹೋಗುವ ಮೊದಲು ಫೋನಿನಲ್ಲಿ, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಎಂದೆ. ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಎಂದು ನೋಡಬೇಕಲ್ಲ. ಹಾಜಿಯವರು ನಕ್ಕರು. "ಅದು ಸ್ಟಾರ್ಟ್ ಆಗದೆ ಎರಡು ತಿಂಗಳಾಯಿತು ಮಾಷ್ಟ್ರೇ. ನೀವು ಬಂದ ಮೇಲಾದರೂ ಆಗುತ್ತದಾ ನೋಡುವ."

ಗಲ್ಫಿನವರ ಕಾರು ನಮ್ಮ ಜಿಲ್ಲೆಯ ದೊಡ್ಡ ನಿಧಿ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಓಡಿದ್ದು ಕಡಿಮೆ, ಆದರೆ ನಿಂತ ಕಾರಿಗೂ ವಯಸ್ಸಾಗುತ್ತದೆ. ಈ ಕಾರಿನ ಟೈರಿನ ಹಲ್ಲು ಹೊಸದರ ಹಾಗಿತ್ತು. ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿದೆ, 3511. ಅಂದರೆ 2011ರ 35ನೇ ವಾರದಲ್ಲಿ ತಯಾರಾದದ್ದು. ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದರಿಂದ ಹಿಂದಿನ ಚಕ್ರ ಜಾಮ್. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಅಡಿಕೆ ಸಿಪ್ಪೆಯ ಗೂಡು. ಇಲಿ ಸಂಸಾರ ಹೂಡಿತ್ತು. ಒಂದೆರಡು ವಯರು ತಿಂದಿತ್ತು.

ನನ್ನ ಜೊತೆ ಬದಿಯಡ್ಕದ ಮೆಕ್ಯಾನಿಕ್ ಬಂದಿದ್ದ. ಅವನು ಇದನ್ನೆಲ್ಲ ನೋಡಿ ಮುಖ ಸಣ್ಣ ಮಾಡಲಿಲ್ಲ. ಡಿಕ್ಕಿಯ ಮ್ಯಾಟು ಎತ್ತಿ ಸ್ಟೆಪ್ನಿಯ ಗುಂಡಿಗೆ ಕೈ ಹಾಕಿದ, ಒಣಗಿತ್ತು. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದ. ನೀರಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಬೆಲ್ಟಿನ ತುದಿಯಲ್ಲಿ ಕೆಸರಿನ ಕಲೆ ಉಳಿಯುತ್ತದಂತೆ. ಇಲ್ಲಿ ಇರಲಿಲ್ಲ. ಅಯಸ್ಕಾಂತ ಎಲ್ಲ ಕಡೆ ಹಿಡಿಯಿತು. ಬೇರೆ ಬ್ಯಾಟರಿ ಇಟ್ಟು ಸ್ಟಾರ್ಟ್ ಮಾಡಿದಾಗ ಮೊದಲು ಕೆಮ್ಮಿತು, ಆಮೇಲೆ ಸಮ ಆಯಿತು. ನೀಲಿ ಹೊಗೆ ಇಲ್ಲ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನಂಥ ನೊರೆ ಇಲ್ಲ. ಮೆಕ್ಯಾನಿಕ್ ನನ್ನ ಕಿವಿಯ ಹತ್ತಿರ ಬಂದು, "ಮಾಷ್ಟ್ರೇ, ಇದಕ್ಕೆ ರೋಗ ಇಲ್ಲ, ಹಸಿವು ಮಾತ್ರ" ಎಂದ.

ಜಾಮ್ ಬಿಡಿಸಿ, ನಾಯ್ಕಾಪಿನ ತನಕ ನಿಧಾನ ಇಳಿದು ಮತ್ತೆ ಹತ್ತಿದೆವು. ಧೋ ಎಂದು ಮಳೆ. ಮೂರನೇ ಗೇರಿನಲ್ಲಿ ಚಡವಿನ ತಿರುವಿಗೆ ತಿರುಗಿಸಿದಾಗ ಗೊತ್ತಾಯಿತು. ಇದರ ಪವರ್ ಸ್ಟೇರಿಂಗ್ ಹೈಡ್ರಾಲಿಕ್, ಅಂದರೆ ಆಯಿಲಿನ ಒತ್ತಡದ್ದು, ಈಗಿನ ಸಣ್ಣ ಕಾರುಗಳ ಹಾಗೆ ಮೋಟಾರಿನದ್ದಲ್ಲ. ಕೈಗೆ ಒಂದು ತೂಕ ಸಿಗುತ್ತದೆ. ಮುಂದಿನ ಚಕ್ರ ಎಲ್ಲಿದೆ, ನೀರಿನ ಮೇಲೆ ಜಾರುತ್ತಿದೆಯೋ ಹಿಡಿದಿದೆಯೋ ಎಂದು ಅಂಗೈಯೇ ಹೇಳುತ್ತದೆ. ಎಂಜಿನ್ ಮಾತ್ರ ಸ್ವಲ್ಪ ಸೋಮಾರಿ, 71 ಪಿಎಸ್, ಅಂದರೆ ಸುಮಾರು ಎಪ್ಪತ್ತು ಕುದುರೆ ಶಕ್ತಿ ಅಷ್ಟೇ. ನಾಲ್ಕು ಜನ ಕೂತರೆ ಎ.ಸಿ. ಬಂದ್ ಮಾಡಿ ಚಡವು ಹತ್ತಿಸಬೇಕು. ಪರವಾಗಿಲ್ಲ ಅನಿಸಿತು.

ಹಾಜಿಯವರು 1,60,000 ಹೇಳಿದ್ದರು. ಟೈರಿನ ಅಂಕಿ, ಇಲಿಗೂಡು, ಬ್ಯಾಟರಿ, ಮೇಲಿಂದ ಆಟಿ. ಚಾ ಕುಡಿದು ಮುಗಿಯುವಾಗ 1,32,000ಕ್ಕೆ ನಿಂತಿತು. ಹಳೆ ಕಾರಿಗೆ ಇಟ್ಟ ದುಡ್ಡಿನಲ್ಲಿ ಕಾಲು ಭಾಗ ರಿಪೇರಿಗೇ ಉಳಿಸಬೇಕು ಅನ್ನುವುದು ನನ್ನ ಹಟ. ಎರಡು ಲಕ್ಷ ಇಟ್ಟುಕೊಂಡಿದ್ದೆ. ನಾಲ್ಕು ಟೈರಿಗೆ 18,000, ಬ್ಯಾಟರಿಗೆ 4,500, ಹಿಂದಿನ ಬ್ರೇಕಿಗೆ 5,500, ವಯರಿಂಗಿಗೆ 2,000. ಆಯಿಲ್, ಕೂಲೆಂಟ್ ಎಲ್ಲ ಸೇರಿ 5,000. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಅನ್ನುವ ರಬ್ಬರ್ ಪಟ್ಟಿ ಬದಲಿಸಲು 8,000 ಹೋಯಿತು. ಕಿಲೋಮೀಟರು ಕಡಿಮೆ ಇದೆಯಲ್ಲ ಎಂದು ನಾನು ಹಿಂದೆಮುಂದೆ ನೋಡಿದೆ. ರಬ್ಬರಿಗೆ ಮೀಟರ್ ಓದಲು ಬರುವುದಿಲ್ಲ ಎಂದು ಮೆಕ್ಯಾನಿಕ್ ಬೈದ. ಒಟ್ಟು 1,75,000ದಲ್ಲಿ ಕಾರು ರಸ್ತೆಗೆ ಬಂತು.

ಕಾಗದಪತ್ರದಲ್ಲಿ ಒಂದು ತಮಾಷೆ. ಆರ್‌ಸಿಯಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ಬ್ಯಾಂಕ್ ಸಾಲದ ಹೆಸರು ಉಳಿದಿಲ್ಲ, ದಂಡ ಬಾಕಿ ಇಲ್ಲ ಎಂದು ಸರಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಮೊದಲೇ ನೋಡಿದ್ದೆ. ಕಾರನ್ನು ನನ್ನ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿಯೂ ಆಯಿತು. ಆದರೆ ಹೆಸರು ಬದಲಿಸಲು ಬೇಕಾದ ಒಟಿಪಿ ಬರುವ ನಂಬರ್ ಮಗನ ಹಳೆಯ ಸಿಮ್ಮಿನದು. ಆ ಸಿಮ್ ಎಲ್ಲಿ? ಮನೆಯವರೆಲ್ಲ ಹುಡುಕಿದರು. ಕೊನೆಗೆ ಕಪಾಟಿನಲ್ಲಿ ಬಟ್ಟೆಯ ಅಡಿ ಒಂದು ಬಟನ್ ಫೋನ್ ಸಿಕ್ಕಿತು. ಚಾರ್ಜಿಗೆ ಇಟ್ಟು, ರೀಚಾರ್ಜ್ ಮಾಡಿ, ನೆಟ್‌ವರ್ಕಿಗೆ ಟೆರೇಸಿನ ಮೇಲೆ ಕೊಡೆ ಹಿಡಿದು ನಿಂತೆವು. ದುಡ್ಡು ಕೊಡುವ ಮೊದಲೇ ಆ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ, ಅಷ್ಟು ಸಾಕು. ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ ಅನ್ನುವುದನ್ನೂ ಮರೆಯಬಾರದು. ಅದನ್ನು ಐದು ವರ್ಷಕ್ಕೆ ನವೀಕರಿಸುವ ಶುಲ್ಕ 2022ರ ಏಪ್ರಿಲಿನಿಂದ 600ರಿಂದ 5,000ಕ್ಕೆ ಏರಿದೆ. ಹನ್ನೆರಡು-ಹದಿಮೂರು ವರ್ಷದ ಕಾರಿಗೆ ರೇಟು ಮಾತಾಡುವಾಗ ಅದನ್ನೂ ಎತ್ತಿ.

ಇಲಿಗೆ ಮಾತ್ರ ಮದ್ದು ಸಿಕ್ಕಿಲ್ಲ. ಬಾನೆಟಿನ ಒಳಗೆ ಹೊಗೆಸೊಪ್ಪು ಕಟ್ಟಿ ಇಡಲು ಮೆಕ್ಯಾನಿಕ್ ಹೇಳಿದ್ದ, ಇಟ್ಟೆ. ಮುಂದಿನ ಆಟಿಯಲ್ಲಿ ತೆರೆದು ನೋಡಿದರೆ ಗೂಡಿಗೆ ಹೊಗೆಸೊಪ್ಪಿನದೇ ಹಾಸಿಗೆ.