ಸಂಗಾತಿಯ ಗ್ರೀನ್ ಕಾರ್ಡ್‌ಗೆ ಆದಾಯ ತೋರಿಸುವುದು ಹೇಗೆ: ಐ-864 ಪತ್ರದ ಲೆಕ್ಕಾಚಾರ

ಅಮೆರಿಕದ ಪ್ರಜೆಗಳು ಅಥವಾ ಗ್ರೀನ್ ಕಾರ್ಡ್ ಹೊಂದಿದವರು ತಮ್ಮ ಪತಿಗೋ ಪತ್ನಿಗೋ ಅಲ್ಲಿನ ಕಾಯಂ ವಾಸದ ಹಕ್ಕು ಕೊಡಿಸಲು ಹೊರಟಾಗ, ಮದುವೆ ನಿಜವಾದದ್ದೆಂದು ರುಜುವಾತುಪಡಿಸಿದರಷ್ಟೇ ಸಾಲದು. ಬರುವವರು ಮುಂದೆ ಸರ್ಕಾರದ ನೆರವನ್ನೇ ನೆಚ್ಚಿ ಬದುಕುವ ಸ್ಥಿತಿ ಬಾರದು ಎಂಬುದಕ್ಕೂ ಖಾತ್ರಿ ಕೊಡಬೇಕಾಗುತ್ತದೆ. ಈ ಖಾತ್ರಿಯೇ ಅಫಿಡವಿಟ್ ಆಫ್ ಸಪೋರ್ಟ್ ಎಂದು ಕರೆಯುವ ಐ-864 ನಮೂನೆ. 1996ರ ಕಾನೂನಿನಿಂದ ಹುಟ್ಟಿ 1997ರ ಡಿಸೆಂಬರ್‌ನಿಂದ ಜಾರಿಗೆ ಬಂದ ಈ ಪತ್ರ ಹೆಸರಿಗೆ ಪ್ರಮಾಣಪತ್ರವಾದರೂ, ವಾಸ್ತವದಲ್ಲಿ ಸಹಿ ಹಾಕಿದವರನ್ನು ನ್ಯಾಯಾಲಯಕ್ಕೆ ಎಳೆಯಬಹುದಾದ ಕರಾರು. ಒಳ್ಳೆಯ ಸಂಬಳವಿರುವ ದಂಪತಿಗಳೂ ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಅದಕ್ಕೆ ಸಾಮಾನ್ಯವಾಗಿ ಹಣದ ಕೊರತೆಗಿಂತ ಎಣಿಕೆಯ ಗೊಂದಲವೂ ಒಂದಕ್ಕೊಂದು ತಾಳೆಯಾಗದ ಕಾಗದಗಳೂ ಕಾರಣ.

ಮೊದಲು ಈ ಪತ್ರ ನಿಮಗೆ ಬೇಕೇ ಎಂದು ನೋಡಿಕೊಳ್ಳಿ. ಎಚ್-1ಬಿ ವೀಸಾದಲ್ಲಿರುವವರಿಗೆ ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಆಗುತ್ತಿದ್ದು, ಪತಿ ಅಥವಾ ಪತ್ನಿ ಅದೇ ಅರ್ಜಿಯ ಅವಲಂಬಿತರಾಗಿ ಐ-485 (ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಅರ್ಜಿ) ಸಲ್ಲಿಸುವುದಾದರೆ, ಸಾಮಾನ್ಯವಾಗಿ ಐ-864 ಬೇಕಿಲ್ಲ. ಅರ್ಜಿ ಹಾಕಿದ ಕಂಪನಿ ಹತ್ತಿರದ ಸಂಬಂಧಿಕರದ್ದಾಗಿದ್ದರೆ, ಅಥವಾ ಅಂಥವರಿಗೆ ಅದರಲ್ಲಿ ಶೇಕಡ 5 ಅಥವಾ ಅದಕ್ಕಿಂತ ಹೆಚ್ಚಿನ ಪಾಲಿದ್ದರೆ ಮಾತ್ರ ಬೇಕಾಗುತ್ತದೆ. ಇನ್ನೊಂದು ವಿನಾಯಿತಿ ಅಮೆರಿಕದ ಪಿಂಚಣಿ ವ್ಯವಸ್ಥೆಯಾದ ಸೋಶಿಯಲ್ ಸೆಕ್ಯುರಿಟಿಯಲ್ಲಿ ದುಡಿಮೆಗೆ ಸಿಗುವ 40 ತ್ರೈಮಾಸಿಕಗಳದ್ದು. ಗ್ರೀನ್ ಕಾರ್ಡ್ ಕೇಳುವವರು ತಾವೇ ದುಡಿದು ಗಳಿಸಿದ ತ್ರೈಮಾಸಿಕಗಳ ಜೊತೆಗೆ ಮದುವೆಯಾದ ಮೇಲೆ ಸಂಗಾತಿ ಗಳಿಸಿದವನ್ನೂ ಸೇರಿಸಿಕೊಳ್ಳಬಹುದು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುವುದರಿಂದ, ಮದುವೆಯಾಗಿ ಹತ್ತು ವರ್ಷ ದುಡಿದ ಪತಿಯ ಲೆಕ್ಕವೊಂದೇ ಪತ್ನಿಯನ್ನು ಈ ಪತ್ರದಿಂದ ಪಾರುಮಾಡಬಲ್ಲದು.

ಬೇಕಾದ ಆದಾಯದ ಮಟ್ಟ ಸರಳವಾಗಿದೆ. ಅಮೆರಿಕ ಸರ್ಕಾರ ಪ್ರತಿ ವರ್ಷ ಪ್ರಕಟಿಸುವ ಬಡತನ ಮಾರ್ಗಸೂಚಿಯ ಶೇಕಡ 125ರಷ್ಟು ವಾರ್ಷಿಕ ಆದಾಯವನ್ನು ಪ್ರಾಯೋಜಕರು, ಅಂದರೆ ಸಂಗಾತಿಯನ್ನು ಕರೆಸಿಕೊಳ್ಳಲು ಐ-864ಕ್ಕೆ ಸಹಿ ಹಾಕುವವರು, ತೋರಿಸಬೇಕು. ಸೇನೆಯ ಸಕ್ರಿಯ ಸೇವೆಯಲ್ಲಿದ್ದು ಸಂಗಾತಿಯನ್ನೋ ಮಕ್ಕಳನ್ನೋ ಕರೆಸಿಕೊಳ್ಳುವವರಿಗೆ ಶೇಕಡ 100 ಸಾಕು. 2025ರ ಪಟ್ಟಿಯಂತೆ ಇಬ್ಬರ ಕುಟುಂಬಕ್ಕೆ 26,437 ಡಾಲರ್, ಮೂವರಿಗೆ 33,312, ನಾಲ್ವರಿಗೆ 40,187. ಅಲಾಸ್ಕ ಮತ್ತು ಹವಾಯಿಗಳಿಗೆ ಇದಕ್ಕಿಂತ ಹೆಚ್ಚಿನ ಪ್ರತ್ಯೇಕ ಅಂಕಿಗಳಿವೆ. ಮೊತ್ತ ವರ್ಷವರ್ಷವೂ ಏರುವುದರಿಂದ ಸಲ್ಲಿಸುವ ಹೊತ್ತಿಗೆ ಜಾರಿಯಲ್ಲಿರುವ ಐ-864ಪಿ ಎಂಬ ಈ ಅಂಕಿಗಳ ಪಟ್ಟಿಯನ್ನೇ ತೆಗೆದುನೋಡಬೇಕು.

ಎಡವುವುದು ತಲೆಎಣಿಕೆಯಲ್ಲಿ. ಪ್ರಾಯೋಜಕರು ಒಬ್ಬರು, ಬರುವ ಸಂಗಾತಿ ಒಬ್ಬರು, 21 ತುಂಬದ ಅವಿವಾಹಿತ ಮಕ್ಕಳೆಲ್ಲರೂ, ತೆರಿಗೆ ಪತ್ರದಲ್ಲಿ ಅವಲಂಬಿತರೆಂದು ತೋರಿಸಿದವರೆಲ್ಲರೂ ಸೇರುತ್ತಾರೆ. ಮೊದಲ ಮದುವೆಯ ಮಕ್ಕಳು ಬೇರೆ ಮನೆಯಲ್ಲಿದ್ದರೂ ಬಿಡುವಂತಿಲ್ಲ. ನಮೂನೆಯಲ್ಲಿ ವಲಸೆ ಬರುವವರಿಗೆ ಒಂದು ಸಾಲು, ನಿಮ್ಮ ಸಂಗಾತಿಗೆ ಇನ್ನೊಂದು ಸಾಲು ಇರುವುದರಿಂದ, ಒಬ್ಬರನ್ನೇ ಎರಡೂ ಕಡೆ ಬರೆದು ಇಬ್ಬರ ಕುಟುಂಬವನ್ನು ಮೂವರದ್ದಾಗಿಸಿ, ತಮಗೆ ತಾವೇ 6,875 ಡಾಲರುಗಳ ಹೆಚ್ಚಿನ ಹೊರೆ ಹೊರಿಸಿಕೊಳ್ಳುವವರಿದ್ದಾರೆ. ಅದರ ತದ್ವಿರುದ್ಧದ ತಪ್ಪು ನಮ್ಮ ಮನೆಗಳಲ್ಲಿ ಇನ್ನೂ ಸಹಜ. ಕೆಲವು ವರ್ಷಗಳ ಹಿಂದೆ ತಂದೆ-ತಾಯಿಗೆ ಗ್ರೀನ್ ಕಾರ್ಡ್ ಕೊಡಿಸಲು ಐ-864ಕ್ಕೆ ಸಹಿ ಹಾಕಿದ ಮಗನೋ ಮಗಳೋ, ಆ ಹೊಣೆ ಇನ್ನೂ ಮುಗಿದಿಲ್ಲವೆಂಬುದನ್ನು ಮರೆತು ಅವರಿಬ್ಬರನ್ನು ಎಣಿಕೆಯಿಂದ ಕೈಬಿಡುತ್ತಾರೆ. ಆದರೆ ಊರಿನಲ್ಲಿಯೇ ಇರುವ, ಯಾವ ಅರ್ಜಿಯನ್ನೂ ಹಾಕದ ತಂದೆ-ತಾಯಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರೂ, ಅವರನ್ನು ತೆರಿಗೆ ಪತ್ರದಲ್ಲಿ ಅವಲಂಬಿತರೆಂದು ತೋರಿಸಿಲ್ಲವಾದರೆ, ಅವರು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಆದಾಯದ ಮಾತು. ನಮೂನೆ ಮುಖ್ಯವಾಗಿ ಕೇಳುವುದು ಸಹಿ ಹಾಕುವ ಸಮಯದ ವಾರ್ಷಿಕ ಆದಾಯವನ್ನು; ಹಿಂದಿನ ವರ್ಷದ ತೆರಿಗೆ ಪತ್ರ ಅದಕ್ಕೆ ಪೋಷಕ ಸಾಕ್ಷ್ಯ. ಕಳೆದ ವರ್ಷ ಓದುತ್ತಿದ್ದು 9,000 ಡಾಲರ್ ಮಾತ್ರ ತೋರಿಸಿದ್ದ ಪ್ರಾಯೋಜಕಿ ಈಗ ವರ್ಷಕ್ಕೆ 60,000 ಡಾಲರುಗಳ ಕೆಲಸದಲ್ಲಿದ್ದರೆ, ಹುದ್ದೆ, ಸೇರಿದ ದಿನಾಂಕ ಮತ್ತು ಸಂಬಳವನ್ನು ಹೇಳುವ ಕಂಪನಿಯ ಪತ್ರವನ್ನೂ ಸಂಬಳದ ಚೀಟಿಗಳನ್ನೂ ಸೇರಿಸಿ, ಎರಡು ಅಂಕಿಗಳ ನಡುವಿನ ಅಂತರಕ್ಕೆ ನಾಲ್ಕು ಸಾಲಿನ ವಿವರಣೆ ಬರೆದುಕೊಡುವುದು ಸರಿಯಾದ ಕ್ರಮ. ವಿವರಣೆಯಿಲ್ಲದೆ ಬಿಟ್ಟರೆ ಅಧಿಕಾರಿ ಕಣ್ಣಿಗೆ ಬಿದ್ದ ಸಣ್ಣ ಅಂಕಿಯನ್ನೇ ಹಿಡಿದು ಪ್ರಶ್ನೆ ಕೇಳುವ ಸಂಭವ ಹೆಚ್ಚು. ತೆರಿಗೆಯ ದಾಖಲೆಯಾಗಿ ವಾರ್ಷಿಕ ತೆರಿಗೆ ಪತ್ರವಾದ ಫಾರ್ಮ್ 1040ರ ನಕಲಿಗಿಂತ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಟ್ರಾನ್ಸ್‌ಕ್ರಿಪ್ಟ್ (ತೆರಿಗೆ ಪತ್ರದ ಸಾರದ ದಾಖಲೆ) ಉತ್ತಮ: ನಕಲು ಕೊಟ್ಟರೆ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ವಿವರ) ಮುಂತಾದ ಎಲ್ಲ ಜೋಡಣೆಗಳನ್ನೂ ಕೊಡಬೇಕು, ಟ್ರಾನ್ಸ್‌ಕ್ರಿಪ್ಟ್‌ಗೆ ಆ ತಾಪತ್ರಯವಿಲ್ಲ. ಇತ್ತೀಚಿನ ಒಂದು ವರ್ಷದ್ದು ಕಡ್ಡಾಯ. ಸ್ಥಿತಿ ಚೆನ್ನಾಗಿದ್ದರೆ ಮೂರು ವರ್ಷದ್ದನ್ನು ಕೊಡಬಹುದು. ಸ್ವಂತ ವ್ಯವಹಾರದವರಿಗೆ ಇಲ್ಲೊಂದು ಕಹಿ ಸತ್ಯವಿದೆ. ತೆರಿಗೆ ಉಳಿಸಲೆಂದು ಖರ್ಚುಗಳನ್ನೆಲ್ಲ ಕಳೆದು ಲಾಭವನ್ನು ಕುಗ್ಗಿಸಿದ್ದರೆ, ಇಲ್ಲಿಯೂ ಆ ಕುಗ್ಗಿದ ಅಂಕಿಯೇ ನಿಮ್ಮ ಆದಾಯ. ತೆರಿಗೆ ಸಲ್ಲಿಸಬೇಕಿದ್ದೂ ಸಲ್ಲಿಸದವರು ಮೊದಲು ತಡವಾದ ಪತ್ರವನ್ನು ಸಲ್ಲಿಸಿ ಬರಬೇಕು.

ಪ್ರಾಯೋಜಕರೇ ಭಾರತದಲ್ಲಿದ್ದರೆ ವಿಷಯ ಬೇರೆ. ಮಗು ಹುಟ್ಟಿದ ಮೇಲೆ ಬೆಂಗಳೂರಿಗೋ ಮೈಸೂರಿಗೋ ಮರಳಿ ನೆಲೆಸಿದ ಅಮೆರಿಕದ ಪ್ರಜೆಯೊಬ್ಬರು ಈಗ ಸಂಗಾತಿಯೊಡನೆ ಹಿಂದಿರುಗಲು ಬಯಸಿದರೆ, ಅಮೆರಿಕವೇ ತಮ್ಮ ನೆಲೆ ಎಂದು, ಅಥವಾ ಸಂಗಾತಿ ಅಲ್ಲಿ ಕಾಲಿಡುವ ಹೊತ್ತಿಗೆ ತಾವೂ ನೆಲೆಸುವೆವೆಂದು ದಾಖಲೆಗಳಿಂದ ತೋರಿಸಬೇಕು: ಮನೆ ಬಾಡಿಗೆಯ ಕರಾರು, ಕೆಲಸದ ಆಹ್ವಾನ ಪತ್ರ, ಬ್ಯಾಂಕ್ ಖಾತೆ, ಮಕ್ಕಳ ಶಾಲಾ ದಾಖಲಾತಿ, ಮತದಾರರ ನೋಂದಣಿ. ಬೆಂಗಳೂರಿನ ಸಂಬಳ ಎಷ್ಟೇ ದೊಡ್ಡದಿದ್ದರೂ, ಅಮೆರಿಕಕ್ಕೆ ಹೋದ ಮೇಲೆಯೂ ಅದೇ ಮೂಲದಿಂದ ಮುಂದುವರಿಯುತ್ತದೆಂದು ಕಂಪನಿ ಬರೆದುಕೊಡದ ಹೊರತು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನೆಲೆಯ ಕೊರತೆಯನ್ನು ಬೇರೆ ಯಾರ ಸಹಿಯೂ ತುಂಬಿಕೊಡುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಆದಾಯ ಸಾಲದಿದ್ದರೆ ದಾರಿಗಳಿವೆ. ಬರುವ ಸಂಗಾತಿ ಆಗಲೇ ಅಮೆರಿಕದಲ್ಲಿ ಅನುಮತಿಯೊಡನೆ ಕೆಲಸ ಮಾಡುತ್ತಿದ್ದು, ಗ್ರೀನ್ ಕಾರ್ಡ್ ಬಂದ ಮೇಲೂ ಅದೇ ಆದಾಯ ಮುಂದುವರಿಯುವುದಾದರೆ, ಅದನ್ನು ಸೇರಿಸಬಹುದು. ಅನುಮತಿಯಿಲ್ಲದೆ ದುಡಿದದ್ದು ಲೆಕ್ಕಕ್ಕಿಲ್ಲ. ಒಂದೇ ಮನೆಯಲ್ಲಿರುವ ತಂದೆ, ತಾಯಿ, ಸಹೋದರ, ಸಹೋದರಿ ಅಥವಾ ವಯಸ್ಕ ಮಕ್ಕಳ ಆದಾಯವನ್ನು ಅವರು ಐ-864ಎ ಎಂಬ ಮನೆಯವರ ಹೊಣೆಪತ್ರಕ್ಕೆ ಸಹಿ ಹಾಕಿದರೆ ಕೂಡಿಸಬಹುದು, ಆದರೆ ಆಗ ಅವರೂ ತಲೆಎಣಿಕೆಗೆ ಸೇರುತ್ತಾರೆ.

ಆಸ್ತಿಯಿಂದ ಕೊರತೆ ತುಂಬಿಸುವ ಸೂತ್ರ ಹೀಗಿದೆ. ಇಬ್ಬರ ಕುಟುಂಬದ ಪ್ರಾಯೋಜಕರ ಆದಾಯ 22,000 ಡಾಲರ್ ಎಂದುಕೊಳ್ಳೋಣ. 2025ರ ಪಟ್ಟಿಯ ಪ್ರಕಾರ ಕೊರತೆ 4,437. ಪ್ರಾಯೋಜಕರು ಪ್ರಜೆಯಾಗಿದ್ದರೆ ಅದರ ಮೂರು ಪಟ್ಟು, ಅಂದರೆ 13,311 ಡಾಲರ್ ಬೆಲೆಯ ಆಸ್ತಿ ಸಾಕು. ಗ್ರೀನ್ ಕಾರ್ಡ್‌ನವರಾಗಿದ್ದರೆ ಐದು ಪಟ್ಟು, 22,185 ಡಾಲರ್ ಬೇಕು. ಆಸ್ತಿ ಬರುವ ಸಂಗಾತಿಯದ್ದೂ ಆಗಬಹುದು, ಆದರೆ ಒಂದು ವರ್ಷದೊಳಗೆ ಹೆಚ್ಚಿನ ತೊಂದರೆಯಿಲ್ಲದೆ ನಗದಾಗುವಂತಿರಬೇಕು. ಮನೆಯಾದರೆ ಸಾಲ ಕಳೆದು ಉಳಿದ ಬೆಲೆ ಮಾತ್ರ. ಒಂದೇ ಕಾರಿದ್ದರೆ ಅದನ್ನು ಬಿಡಬೇಕು.

ಊರಿನ ಆಸ್ತಿಯನ್ನು ತೋರಿಸಲು ಹೊರಡುವವರಿಗೆ ನಾನು ಕೊಡುವ ಸಲಹೆ ಹೆಚ್ಚು ಉತ್ಸಾಹದ್ದಲ್ಲ. ಬ್ಯಾಂಕಿನ ನಿಶ್ಚಿತ ಠೇವಣಿ ಸಲೀಸು: ಹನ್ನೆರಡು ತಿಂಗಳ ಖಾತೆ ವಿವರ ಕೊಟ್ಟರೆ ಮೊತ್ತ, ಮಾಲೀಕತ್ವ, ನಗದಾಗುವ ಗುಣ ಮೂರೂ ಕಾಣುತ್ತವೆ. ನಿವಾಸಿ ಭಾರತೀಯರು ರಿಸರ್ವ್ ಬ್ಯಾಂಕಿನ ಯೋಜನೆಯಡಿ ಆರ್ಥಿಕ ವರ್ಷಕ್ಕೆ 2,50,000 ಡಾಲರುಗಳವರೆಗೆ, ಅನಿವಾಸಿಗಳು ಎನ್‌ಆರ್‌ಒ ಖಾತೆಯಿಂದ (ಭಾರತದ ಆದಾಯವನ್ನು ಇಡುವ ಅನಿವಾಸಿಗಳ ಖಾತೆ) 10 ಲಕ್ಷ ಡಾಲರುಗಳವರೆಗೆ ಹೊರದೇಶಕ್ಕೆ ಕಳಿಸಬಹುದಾದ್ದರಿಂದ ಹಣ ದೇಶ ದಾಟುವುದಕ್ಕೂ ಉತ್ತರವಿದೆ. ಸ್ವಂತ ಹೆಸರಿನ ಫ್ಲಾಟ್ ಅಥವಾ ಸೈಟಿಗೆ ನೋಂದಾಯಿತ ಮೌಲ್ಯಮಾಪಕರ ವರದಿ, ಕ್ರಯಪತ್ರ ಮತ್ತು ಋಣಭಾರ ಪ್ರಮಾಣಪತ್ರದ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವಿಭಾಗವಾಗದ ಪಿತ್ರಾರ್ಜಿತ ಜಮೀನು ಮಾತ್ರ ಬೇಡ. ಪಹಣಿಯಲ್ಲಿ ಅಜ್ಜನ ಹೆಸರಿನ ಕೆಳಗೆ ಏಳೆಂಟು ಮಂದಿ ಇರುವ ತೋಟವನ್ನು ವರ್ಷದೊಳಗೆ ಮಾರಬಹುದೆಂದು ಯಾವ ಅಧಿಕಾರಿಯನ್ನೂ ಒಪ್ಪಿಸಲಾಗದು. ಅನಿವಾಸಿಯಾದವರು ಕೃಷಿಭೂಮಿಯನ್ನು ನಿವಾಸಿ ಭಾರತೀಯರಿಗೆ ಮಾತ್ರ ಮಾರಬಹುದೆಂಬ ಕಟ್ಟಳೆ ಬೇರೆ.

ಇಷ್ಟೆಲ್ಲ ತಾಪತ್ರಯಕ್ಕಿಂತ ಜಂಟಿ ಪ್ರಾಯೋಜಕರೊಬ್ಬರನ್ನು ಹುಡುಕುವುದು ಬಹುತೇಕರಿಗೆ ಸುಲಭ. ಅವರು ಸಂಬಂಧಿಕರೇ ಆಗಬೇಕಿಲ್ಲ. 18 ತುಂಬಿದ, ಅಮೆರಿಕದಲ್ಲಿ ನೆಲೆಸಿದ ಪ್ರಜೆ ಅಥವಾ ಗ್ರೀನ್ ಕಾರ್ಡ್‌ನವರಾದರೆ ಸ್ನೇಹಿತರೂ ಆದೀತು. ಆದರೆ ತಮ್ಮ ಕುಟುಂಬದ ಸಂಖ್ಯೆಗೆ ಬರುವವರನ್ನು ಸೇರಿಸಿದ ಶೇಕಡ 125ರ ಮಟ್ಟವನ್ನು ಅವರು ತಮ್ಮ ಲೆಕ್ಕದಿಂದಲೇ ಮುಟ್ಟಬೇಕು. ಮೂಲ ಪ್ರಾಯೋಜಕರ ಆದಾಯವನ್ನು ಅದಕ್ಕೆ ಕೂಡಿಸುವಂತಿಲ್ಲ. ಅವರು ಸಿಕ್ಕರೆಂದು ಮೂಲ ಪ್ರಾಯೋಜಕರು ತಮ್ಮ ಐ-864 ಸಲ್ಲಿಸುವುದು ತಪ್ಪುವುದೂ ಇಲ್ಲ.

ಸಹಿ ಕೇಳುವ ಮೊದಲು ಆ ಸ್ನೇಹಿತರಿಗೆ ಹೊಣೆಯ ಉದ್ದವನ್ನು ಬಿಡಿಸಿ ಹೇಳುವುದು ನ್ಯಾಯ. ಬಂದವರು ಪ್ರಜೆಯಾಗುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕಗಳು ಸೇರುವವರೆಗೆ, ಅಥವಾ ಕಾಯಂ ವಾಸವನ್ನು ಬಿಟ್ಟು ದೇಶ ತೊರೆಯುವವರೆಗೆ, ಇಲ್ಲವೇ ತೀರಿಕೊಳ್ಳುವವರೆಗೆ ಹೊಣೆ ಮುಂದುವರಿಯುತ್ತದೆ. ವಿಚ್ಛೇದನದಿಂದ ಅದು ಮುಗಿಯುವುದಿಲ್ಲ. ಮದುವೆಗೆ ಮುಂಚಿನ ಒಪ್ಪಂದವೂ ಅದನ್ನು ತೊಡೆದುಹಾಕದೆಂದು ಅಮೆರಿಕದ ಒಂಬತ್ತನೆಯ ಸರ್ಕೀಟ್‌ನ (ಪಶ್ಚಿಮ ರಾಜ್ಯಗಳ) ಮೇಲ್ಮನವಿ ನ್ಯಾಯಾಲಯ 2016ರಲ್ಲಿ ತೀರ್ಪು ಕೊಟ್ಟಿದೆ. ಬಂದವರು ಆದಾಯ ಪರೀಕ್ಷೆಯ ಮೇಲೆ ಕೊಡುವ ಸರ್ಕಾರಿ ನೆರವನ್ನು ಪಡೆದರೆ ಅದನ್ನು ಕೊಟ್ಟ ಇಲಾಖೆಯೂ ಪ್ರಾಯೋಜಕರಿಂದ ವಸೂಲಿಗೆ ಬರಬಹುದು.

ಸಲ್ಲಿಕೆಯ ಕ್ರಮದಲ್ಲಿ ಹೆಚ್ಚಿನ ಗುಟ್ಟೇನಿಲ್ಲ. ಸಂಗಾತಿ ಅಮೆರಿಕದಲ್ಲಿದ್ದರೆ ಐ-485ರ ಜೊತೆಗೆ ಕೊಡಬೇಕು. ಭಾರತದಲ್ಲಿದ್ದರೆ ಐ-130 (ಸಂಗಾತಿಯನ್ನು ಕರೆಸಿಕೊಳ್ಳಲು ಪ್ರಾಯೋಜಕರು ಹಾಕುವ ಮೊದಲ ಅರ್ಜಿ) ಮಂಜೂರಾದ ಮೇಲೆ ನ್ಯಾಷನಲ್ ವೀಸಾ ಸೆಂಟರ್‌ಗೆ ಶುಲ್ಕ ಕಟ್ಟಿ ಆನ್‌ಲೈನಿನಲ್ಲಿ ಏರಿಸಬೇಕು. ಒಬ್ಬರನ್ನೇ ಕರೆಸಿಕೊಳ್ಳುವ, ಸಂಬಳ ಅಥವಾ ಪಿಂಚಣಿಯ ಆದಾಯವನ್ನು ಮಾತ್ರ ತೋರಿಸುವ ಮೂಲ ಪ್ರಾಯೋಜಕರಿಗೆ ಐ-864ಇಝಡ್ ಎಂಬ ಚಿಕ್ಕ ನಮೂನೆಯಿದೆ. ನೋಟರಿಯ ಮುದ್ರೆ ಬೇಡ. ಸಹಿ ಮರೆತ ಪತ್ರ ಮಾತ್ರ ಖಂಡಿತ ಹಿಂದಿರುಗುತ್ತದೆ. ಸಂದರ್ಶನದ ದಿನ ಮೂಲ ಕಾಗದಗಳ ಜೊತೆಗೆ ಹೊಸ ಸಂಬಳ ಚೀಟಿಗಳೂ, ನಡುವೆ ಹೊಸ ತೆರಿಗೆ ವರ್ಷ ದಾಟಿದ್ದರೆ ಅದರ ಟ್ರಾನ್ಸ್‌ಕ್ರಿಪ್ಟೂ ಕೈಯಲ್ಲಿರಲಿ. ಸಾಕ್ಷ್ಯ ಸಾಲದಿದ್ದರೆ ಅಧಿಕಾರಿ 221(ಜಿ) ಚೀಟಿ ಕೊಟ್ಟು ವೀಸಾ ತಡೆಹಿಡಿಯುತ್ತಾರೆ. ಕೇಳಿದ ಕಾಗದವನ್ನೋ ಜಂಟಿ ಪ್ರಾಯೋಜಕರ ಪತ್ರವನ್ನೋ ಒಂದು ವರ್ಷದೊಳಗೆ ಒದಗಿಸಿದರೆ ಕಡತ ಮತ್ತೆ ಮುಂದುವರಿಯುತ್ತದೆ. ಗ್ರೀನ್ ಕಾರ್ಡ್ ಕೈಸೇರಿದ ಮೇಲೂ ಪ್ರಾಯೋಜಕರು, ಜಂಟಿ ಪ್ರಾಯೋಜಕರೂ ಸೇರಿದಂತೆ, ಹೊಣೆ ಇರುವಷ್ಟು ಕಾಲ ಮನೆ ಬದಲಿಸಿದಾಗಲೆಲ್ಲ 30 ದಿನಗಳೊಳಗೆ ಐ-865 ಸಲ್ಲಿಸಿ ಹೊಸ ವಿಳಾಸ ತಿಳಿಸಬೇಕು. ತಪ್ಪಿದರೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.