ಹಬ್ ಒಂದು ಗಾಡಿಯದ್ದು, ಸ್ಪಿಂಡಲ್ ಇನ್ನೊಂದರದ್ದು: ಜೋಡಿಸುವ ಮುನ್ನ ಅಳೆಯಬೇಕಾದ್ದು

ಫೋರ್ ವ್ಹೀಲ್ ಡ್ರೈವ್ ಗಾಡಿಯ ಮುಂದಿನ ಆಕ್ಸಲ್‌ಗೆ ಬೇರೆ ಮಾಡೆಲ್‌ನ ಹಬ್ (ಚಕ್ರ ಕೂರುವ ನಡುಭಾಗ) ಹಾಕಹೊರಟವರು ಸಾಮಾನ್ಯವಾಗಿ ಮೊದಲು ಎಣಿಸುವುದು ಚಕ್ರದ ಸ್ಟಡ್‌ಗಳನ್ನು. ಅದು ಕೊನೆಗೆ ನೋಡಿದರೂ ಸಾಕು. ಮೊದಲು ನೋಡಬೇಕಾದ್ದು ಬೇರಿಂಗ್. ಸ್ಪಿಂಡಲ್ ಎಂಬ ತಿರುಗದ ಟೊಳ್ಳು ದಂಡದ ಸುತ್ತ ಹಬ್ ಎರಡು ಟೇಪರ್ ರೋಲರ್ ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಬೇರಿಂಗಿನ ಕಪ್ (ಹೊರ ಬಳೆ) ಹಬ್‌ನೊಳಗೆ ಬಿಗಿಯಾಗಿ ಕೂತಿರುತ್ತದೆ, ಕೋನ್ (ರೋಲರ್‌ಗಳಿರುವ ಒಳ ಬಳೆ) ಸ್ಪಿಂಡಲ್ ಮೇಲೆ ಕೈಯಲ್ಲೇ ಜಾರಿ ಕೂರುತ್ತದೆ. ಹಾಗಾಗಿ ಬೇರಿಂಗಿನ ಹೊರ ಅಳತೆಯನ್ನು ಹಬ್ ನಿರ್ಧರಿಸುತ್ತದೆ, ಒಳ ಅಳತೆಯನ್ನು ಸ್ಪಿಂಡಲ್.

ಉದಾಹರಣೆಗೆ ಎಲ್‌ಎಂ 102949 ಮತ್ತು ಎಲ್‌ಎಂ 501349 ಎಂಬ ಎರಡು ಕೋನ್‌ಗಳನ್ನು ನೋಡಿ. ತಮ್ಮ ತಮ್ಮ ಕಪ್‌ಗಳೊಡನೆ ಎರಡರ ಹೊರ ವ್ಯಾಸವೂ 73.431 ಮಿ.ಮೀ., ಒಟ್ಟು ದಪ್ಪವೂ 19.558 ಮಿ.ಮೀ. ಆದರೆ ಮೊದಲನೆಯದರ ರಂಧ್ರ 45.242 ಮಿ.ಮೀ., ಎರಡನೆಯದರದ್ದು 41.275. ಎಂದರೆ ಒಂದೇ ಹಬ್‌ನಲ್ಲಿ ಇವುಗಳಲ್ಲಿ ಯಾವುದನ್ನಾದರೂ ಕೂರಿಸಬಹುದು. ಬೇರಿಂಗ್ ಬದಲಿಸಿದ್ದರಿಂದಲೇ ಸಣ್ಣ ಸ್ಪಿಂಡಲ್ಲಿಗೂ ಆ ಹಬ್ ಹೊಂದೀತು. ಇಲ್ಲೇ ಆಗುವ ತಪ್ಪೆಂದರೆ ಹಬ್‌ನಲ್ಲಿರುವ ಹಳೆಯ ಕಪ್ ಬಿಟ್ಟು ಕೋನ್ ಮಾತ್ರ ಬದಲಿಸುವುದು. ಕಪ್ ಮತ್ತು ಕೋನ್ ಒಂದೇ ಸರಣಿಯವಲ್ಲದಿದ್ದರೆ ಅವುಗಳ ಇಳಿಜಾರು ಹೊಂದುವುದಿಲ್ಲ, ರೋಲರ್‌ನ ಒಂದು ತುದಿಯ ಮೇಲಷ್ಟೇ ಭಾರ ಬೀಳುತ್ತದೆ, ಬೇರಿಂಗ್ ಬೇಗ ಸುಟ್ಟುಹೋಗುತ್ತದೆ. ಎರಡನ್ನೂ ಜೊತೆಯಾಗಿಯೇ ಬದಲಿಸಿ.

ವ್ಯಾಸ ಹೊಂದಿದ ಮೇಲೆ ಉದ್ದ. ಹಬ್‌ನೊಳಗೆ ಎರಡು ಕಪ್‌ಗಳು ಆನುವ ಅಂಚುಗಳ ನಡುವಿನ ದೂರವನ್ನು ಡೆಪ್ತ್ ಗೇಜ್‌ನಲ್ಲಿ ಅಳೆಯಿರಿ. ಸ್ಪಿಂಡಲ್ ಮೇಲೆ ಒಳ ಬೇರಿಂಗ್ ಆನುವ ಭುಜದಿಂದ ಥ್ರೆಡ್ ಶುರುವಾಗುವ ಜಾಗದವರೆಗೂ ಅಳೆಯಿರಿ. ಹಬ್‌ನ ದೂರ ಹೆಚ್ಚಾದರೆ ಹೊರಗಿನ ಕೋನ್ ನುಣುಪಾದ ಭಾಗ ಬಿಟ್ಟು ಥ್ರೆಡ್ ಮೇಲೆ ಕೂರುತ್ತದೆ, ಥ್ರೆಡ್ ಸವೆದು ಹಬ್ ಓಲಾಡುತ್ತದೆ. ಕಡಿಮೆಯಾದರೆ ಥ್ರೆಡ್ ಮುಗಿದಲ್ಲಿ ನಟ್ ನಿಂತುಬಿಡುತ್ತದೆ. ಟಾರ್ಕ್ ರೆಂಚ್ ಬಿಗಿಯಾಯಿತು ಎನ್ನುತ್ತದೆ, ಬೇರಿಂಗ್ ಸಡಿಲವಾಗಿಯೇ ಇರುತ್ತದೆ. ಇದು ಬಹಳ ಅಪಾಯಕಾರಿ, ಏಕೆಂದರೆ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಯಿಲ್ ಸೀಲಿನ ತುಟಿ ಸ್ಪಿಂಡಲ್ಲಿನ ಯಾವ ಜಾಗಕ್ಕೆ ಒರಗುತ್ತದೆ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಕೊಳ್ಳಿ. ನುಣುಪಿಲ್ಲದ ಕಡೆ ಒರಗಿದರೆ ನೀರು ಒಳಗೆ ಹೋಗುತ್ತದೆ.

ಸ್ಪಿಂಡಲ್ಲನ್ನೇ ಬದಲಿಸುವುದಾದರೆ ಅದು ನಕಲ್‌ಗೆ (ಆಕ್ಸಲ್ ತುದಿಯಲ್ಲಿ ಸ್ಟೇರಿಂಗ್‌ನೊಡನೆ ತಿರುಗುವ ಭಾಗಕ್ಕೆ) ಕೂರುವ ಮುಖವನ್ನು ಪರೀಕ್ಷಿಸಿ. ಡಾನಾ ಕಂಪನಿಯ 30 ಮತ್ತು 44 ಮಾದರಿಯ ಆಕ್ಸಲ್‌ಗಳಲ್ಲಿ ಇದು ಸಾಮಾನ್ಯವಾಗಿ 6 ಸ್ಟಡ್‌ಗಳ ಜೋಡಣೆ, ಟೊಯೋಟಾದ ಹಳೆಯ ಗಟ್ಟಿ ಆಕ್ಸಲ್‌ಗಳಲ್ಲಿ 8 ಬೋಲ್ಟ್. ಬೋಲ್ಟ್ ಸಂಖ್ಯೆ ಹೊಂದಿದರೂ ನಡುವಿನ ಪೈಲಟ್ ಬಳೆ ನಕಲ್‌ನ ರಂಧ್ರಕ್ಕೆ ಅಲುಗಾಡದೆ ಕೂರಬೇಕು. ಸ್ಪಿಂಡಲ್‌ನ ಉದ್ದ ಬದಲಾದರೆ ಸ್ಟಬ್ ಶಾಫ್ಟ್‌ನ (ಸ್ಪಿಂಡಲ್ ಒಳಗಿಂದ ಹಾದು ಚಕ್ರವನ್ನು ತಿರುಗಿಸುವ ದಂಡದ) ತುದಿಯೂ ಒಳಗೆ ಅಥವಾ ಹೊರಗೆ ಸರಿದಂತೆಯೇ. ಸ್ನ್ಯಾಪ್ ರಿಂಗ್ ಕೂರುವ ತೋಡು ಲಾಕಿಂಗ್ ಹಬ್‌ನ (ಹಬ್ಬನ್ನು ಶಾಫ್ಟ್‌ಗೆ ಸೇರಿಸುವ, ಬಿಡಿಸುವ ಭಾಗದ) ಸ್ಪ್ಲೈನ್ (ಹಲ್ಲುಗಳಿರುವ) ಬಳೆಯಾಚೆ ಪೂರ್ತಿ ಕಾಣದಿದ್ದರೆ ಆ ಜೋಡಣೆ ಬೇಡ. ಸ್ಪ್ಲೈನ್‌ಗಳನ್ನೂ ಎಣಿಸಿ: ಡಾನಾ 44ರ ಹೊರ ಸ್ಟಬ್‌ನಲ್ಲಿ ಸಾಮಾನ್ಯವಾಗಿ 19, ಸಿಜೆ ಜೀಪಿನ ಡಾನಾ 30ರಲ್ಲಿ 27. ಲಾಕಿಂಗ್ ಹಬ್ ಹಿಡಿಯುವ ಬೋಲ್ಟ್‌ಗಳು ಸಿಜೆಗಳಲ್ಲೇ 6 ಇರುವುದೂ ಉಂಟು, 5 ಇರುವುದೂ ಉಂಟು. ಆಯ್ಕೆ ಇದ್ದರೆ 6ರದ್ದನ್ನೇ ಹಿಡಿಯಿರಿ.

ಇಷ್ಟೆಲ್ಲ ಅಳತೆ ಹೊಂದಿಸುವುದಕ್ಕಿಂತ ಒಂದೇ ಗಾಡಿಯಿಂದ ನಕಲ್, ಸ್ಪಿಂಡಲ್, ಹಬ್, ಡಿಸ್ಕ್, ಕ್ಯಾಲಿಪರ್ ಬ್ರಾಕೆಟ್ ಎಲ್ಲವನ್ನೂ ಸೆಟ್ಟಾಗಿ ತರುವುದು ಎಷ್ಟೋ ಉತ್ತಮ. 1970ರ ದಶಕದ ಷೆವರ್ಲೆ ಅರ್ಧ ಟನ್ ಪಿಕಪ್ ಮತ್ತು ಬ್ಲೇಜರ್‌ಗಳ ಡಾನಾ 44 ಹಾಗೂ 10 ಬೋಲ್ಟ್ ಆಕ್ಸಲ್‌ಗಳ ಹೊರಭಾಗಗಳು ಬಹುಮಟ್ಟಿಗೆ ಒಂದಕ್ಕೊಂದು ಹೊಂದುವುದರಿಂದಲೇ ಡಿಸ್ಕ್ ಬ್ರೇಕ್ ಹಾಕುವವರು ಅವನ್ನು ಹುಡುಕುತ್ತಾರೆ. ಅವುಗಳ ಚಕ್ರದ ಸ್ಟಡ್‌ಗಳ ಅಳತೆ 6×139.7 (6 ಸ್ಟಡ್, ಅವು ನಿಂತ ವೃತ್ತದ ವ್ಯಾಸ 139.7 ಮಿ.ಮೀ.), ಸಿಜೆಯದ್ದು 5×139.7. ಟೊಯೋಟಾದ್ದೂ 6×139.7 ಆದರೂ ಸ್ಟಡ್ ಥ್ರೆಡ್ 12×1.5 ಮಿ.ಮೀ.; ಹಳೆಯ ಅಮೆರಿಕನ್ ಹಬ್‌ಗಳದ್ದು ಇಂಚಿನ ಥ್ರೆಡ್. ಚಕ್ರ ಕೂತಿತೆಂದು ನಟ್‌ಗಳನ್ನು ಬೆರೆಸಬೇಡಿ. 1984ರಿಂದ ಬಂದ ಚೆರೋಕಿ ಎಕ್ಸ್‌ಜೆಯಂಥ ಯೂನಿಟ್ ಬೇರಿಂಗ್ (ಹಬ್ ಮತ್ತು ಬೇರಿಂಗ್ ಒಂದೇ ಘಟಕವಾಗಿರುವ) ಗಾಡಿಗಳಲ್ಲಿ ಸ್ಪಿಂಡಲ್ಲೇ ಇಲ್ಲ. ಅವಕ್ಕೆ ಪರಿವರ್ತನೆಯ ಕಿಟ್ ಬೇಕು.

ಇನ್ನು ಕೆಲಸ. ಗಾಡಿಯನ್ನು ಜಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿ, ಹೋಸ್ ಮೇಲೆ ಅದರ ಭಾರ ಬೀಳಬಾರದು. ಲಾಕಿಂಗ್ ಹಬ್‌ನ ಮುಚ್ಚಳ, ಸ್ನ್ಯಾಪ್ ರಿಂಗ್, ಲಾಕಿಂಗ್ ಹಬ್, ಹೊರ ನಟ್, ಲಾಕ್ ವಾಷರ್, ಒಳ ನಟ್ ಈ ಕ್ರಮದಲ್ಲಿ ತೆಗೆಯಿರಿ. ನಟ್‌ಗೆ ಅದರದ್ದೇ ಸಾಕೆಟ್ ಬೇಕು (ಟೊಯೋಟಾದಲ್ಲಿ 54 ಮಿ.ಮೀ.). ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಹಾಳಾಗಿ ಮುಂದಿನ ಸಲದ ಹೊಂದಾಣಿಕೆಗೇ ಕುತ್ತು. ಸ್ಪಿಂಡಲ್ ತುಕ್ಕಿನಲ್ಲಿ ಕಚ್ಚಿಕೊಂಡಿದ್ದರೆ ತುದಿಗೆ ಹಳೆಯ ನಟ್ ತಿರುಗಿಸಿಟ್ಟು, ಸುತ್ತಲೂ ಮೆತ್ತನೆಯ ಸುತ್ತಿಗೆಯಿಂದ ಬಡಿಯಿರಿ. ಬಿಚ್ಚಿದ ಸ್ಪಿಂಡಲ್ ಶಾಖಕ್ಕೆ ನೀಲಿಯಾಗಿದ್ದರೆ, ಬೇರಿಂಗ್ ಕೂರುವಲ್ಲಿ ಉಗುರಿಗೆ ಏಣು ತಗುಲಿದರೆ, ಅದನ್ನು ಬಳಸಬೇಡಿ. ಕಪ್ ಸುತ್ತಿ ಸವೆದ ಹಬ್ ಕೂಡ ಗುಜರಿಗೇ.

ಕಪ್‌ಗಳನ್ನು ಹಿತ್ತಾಳೆ ಡ್ರಿಫ್ಟ್‌ನಿಂದ ಎದುರುಬದುರು ಬಡಿದು ತೆಗೆಯಿರಿ. ಹೊಸತನ್ನು ಕೂರಿಸಲು ಹಳೆಯ ಕಪ್‌ನ ಹೊರಮೈಯನ್ನು ಸ್ವಲ್ಪ ಉಜ್ಜಿ ಅದನ್ನೇ ಮೇಲಿಟ್ಟು ಹೊಡೆಯಿರಿ. ತಳ ಮುಟ್ಟಿದಾಗ ಸದ್ದು ಬದಲಾಗುತ್ತದೆ. ಸ್ಪಿಂಡಲ್ ಹಿಂಭಾಗದ ನೀಡಲ್ ಬೇರಿಂಗ್ ಅಥವಾ ಬುಷ್‌ಗೂ ಗ್ರೀಸ್ ಹಚ್ಚಿ, ಅದನ್ನು ಮರೆಯುವವರೇ ಹೆಚ್ಚು.

ಬಿಗಿಯುವ ಲೆಕ್ಕ ಸ್ಪಿಂಡಲ್ ಯಾವುದೋ ಅದರದ್ದು, ಗಾಡಿಯದ್ದಲ್ಲ. ಎರಡು ನಟ್‌ಗಳ ಡಾನಾ ಮಾದರಿಯಲ್ಲಿ ಹಬ್ ತಿರುಗಿಸುತ್ತಲೇ ಒಳ ನಟ್ ಅನ್ನು ಸುಮಾರು 68 ನ್ಯೂಟನ್ ಮೀಟರ್ ಬಿಗಿದು, ಆಮೇಲೆ ಕೈಪಿಡಿ ಹೇಳಿದಷ್ಟು ಸಡಿಲಿಸುತ್ತಾರೆ. ಹೊರ ನಟ್ ಬಿಗಿದ ಮೇಲೆ ಡಯಲ್ ಗೇಜ್‌ನಲ್ಲಿ 0.025ರಿಂದ 0.25 ಮಿ.ಮೀ. ಪ್ಲೇ (ಹಬ್ ಒಳಗೆ ಹೊರಗೆ ಅಲುಗುವ ಸಡಿಲ) ಉಳಿದಿರಬೇಕು. ಟೊಯೋಟಾದ್ದು ಇದಕ್ಕೆ ತಿರುಗುಮುರುಗು: ಅಲ್ಲಿ ಪ್ಲೇ ಇರಬಾರದು, ಸ್ಟಡ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಾಗ ಹಬ್ ಸುಮಾರು 3ರಿಂದ 5.5 ಕೆ.ಜಿ. ಎಳೆತಕ್ಕೆ ತಿರುಗತೊಡಗಬೇಕು. ಹೊರ ನಟ್ ಬಿಗಿದಾಗ ಹೊಂದಾಣಿಕೆ ಬದಲಾಗುವುದರಿಂದ ಅಳತೆಯನ್ನು ಅದಾದ ಮೇಲೆಯೇ ತೆಗೆಯಿರಿ.

ಕ್ಯಾಲಿಪರ್‌ನ ನಡುವೆ ಡಿಸ್ಕ್ ಇದೆಯೇ, ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿದಾಗ ಬ್ರೇಕ್ ಹೋಸ್ ಎಳೆಯುತ್ತದೆಯೇ, ಟಯರ್ ಎಲ್ಲಾದರೂ ತಾಗುತ್ತದೆಯೇ ನೋಡಿ. 20 ಕಿ.ಮೀ. ಓಡಿಸಿ ಎರಡೂ ಹಬ್‌ಗಳ ಶಾಖವನ್ನು ಹೋಲಿಸಿ. ಒಂದು ಹೆಚ್ಚು ಬಿಸಿಯಿದ್ದರೆ ಬ್ರೇಕ್ ಹಿಡಿಯುತ್ತಿರಬಹುದು, ಇಲ್ಲವೇ ಬೇರಿಂಗ್ ಬಿಗಿ ಹೆಚ್ಚಾಗಿರಬಹುದು. ಚಕ್ರ ಎತ್ತಿ ಮೇಲೆ ಕೆಳಗೆ ಅಲುಗಿಸಿ ಪ್ಲೇ ಮತ್ತೊಮ್ಮೆ ಅಳೆಯಿರಿ, ಚಕ್ರದ ನಟ್‌ಗಳನ್ನೂ ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿ.